ಮೂವತ್ತೆಂಟನೇ ಮೊಳೆ

ಬೀಗದಣ್ಣನ ಮನೆಯ ಮುಂಬಾಗಿಲಿಗೆ ನಾಲ್ಕು ಬೀಗಗಳಿದ್ದವು. ಮೂರು ಎಲ್ಲರ ಕಣ್ಣಿಗೂ ಕಾಣುತ್ತಿದ್ದವು. ನಾಲ್ಕನೆಯದು ಇದೆ ಎಂಬ ಸಂಗತಿ ಹೆಂಡತಿಗೆ ತಿಳಿದದ್ದು ಮದುವೆಯಾದ ಏಳನೇ ವರ್ಷದಲ್ಲಿ, ಅದೂ ತರಕಾರಿ ಚೀಲ ಹಿಡಿದು ಎರಡು ಗಂಟೆ ಹೊಸ್ತಿಲಾಚೆ ನಿಂತ ಮೇಲೆ. "ಕಟ್ಟಿಕೊಂಡ ಹೆಂಡತಿಗೂ ಹೇಳಬಾರದೇನ್ರೀ?" ಎಂದು ಅವಳು ರೇಗಿದ್ದಕ್ಕೆ, "ಹೇಳಿದ ಮೇಲೆ ಅದು ಗುಟ್ಟಿನ ಬೀಗ ಹೇಗಾಗುತ್ತೆ?" ಎಂದು ಅವನು ಬಹಳ ಶಾಂತವಾಗಿ ಕೇಳಿದ್ದ.

ಅವನದೇ ತಪ್ಪು ಎನ್ನುವಂತೆಯೂ ಇಲ್ಲ. ಮಾರುಕಟ್ಟೆ ಕಟ್ಟಡದ ನೆಲಮಹಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೀಗ ರಿಪೇರಿಯ ಅಂಗಡಿ ಇಟ್ಟವನು. ವಕೀಲರ ಬೀರು, ಶಾಲೆಯ ಆಫೀಸು, ಒಮ್ಮೆ ಪೊಲೀಸ್ ಠಾಣೆಯ ಕಪಾಟು, ಇವನ್ನೆಲ್ಲ ಒಂದು ತಂತಿ ತುಂಡಿನಿಂದ ತೆರೆದುಕೊಟ್ಟಿದ್ದ. ತನ್ನಿಂದ ಆಗುವುದು ಇನ್ನೊಬ್ಬನಿಂದಲೂ ಆಗುತ್ತದೆ ಎಂಬುದು ಅವನ ತರ್ಕ. ಹೀಗಾಗಿ ಯಾವ ಬೀಗವನ್ನೂ ನಂಬುತ್ತಿರಲಿಲ್ಲ, ಮನುಷ್ಯರನ್ನಂತೂ ಕೇಳಲೇಬೇಡಿ. ಎದುರಿಗೆ ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು, ಬೆನ್ನ ಹಿಂದೆ ಡಬಲ್ ಲಾಕ್.

ವಿಚಿತ್ರವೆಂದರೆ ಬೀದಿಯವರೆಲ್ಲ ಅವನನ್ನು ಕಣ್ಣುಮುಚ್ಚಿ ನಂಬಿದ್ದರು. ಕೀ ಕಳೆದರೆ ಇರಲಿ ಎಂದು ಪ್ರತಿ ಮನೆಯವರೂ ಒಂದೊಂದು ನಕಲನ್ನು ಅವನ ಬಳಿ ಬಿಟ್ಟಿದ್ದರು. ಅಂಗಡಿಯ ಹಿಂಗೋಡೆಯಲ್ಲಿ ನೂರ ಹನ್ನೆರಡು ಮೊಳೆ, ಮೊಳೆಗೊಂದು ಕೀಲಿಕೈ, ಕೀಲಿಕೈಯ ಕೆಳಗೆ ಯಾವ ಮನೆಯದೆಂಬ ಚೀಟಿ. ಇದರಲ್ಲಿ ಅನುಮಾನ ಪಡಬೇಕಾದ್ದೇನಾದರೂ ಇದೆ ಎಂದು ನಮ್ಮ ಬೀಗದಣ್ಣನಿಗೆ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಮಾರುಕಟ್ಟೆ ಕಚೇರಿಯಿಂದ ನೋಟೀಸು ಬಂತು. ಅಂಗಡಿಗಳ ಗುತ್ತಿಗೆ ನವೀಕರಣದ ಶುಲ್ಕವನ್ನು ಈ ವರ್ಷದಿಂದ ಫೋನಿನ ಮೂಲಕವೇ ಕಟ್ಟಬೇಕು, ನಗದು ಸ್ವೀಕರಿಸುವುದಿಲ್ಲ. ಗುತ್ತಿಗೆದಾರನ ಸ್ವಂತ ಖಾತೆಯಿಂದಲೇ ಬರಬೇಕು. ಕೊನೆಯ ಗಡುವು ಶನಿವಾರ ಸಂಜೆ ಐದು. ತಪ್ಪಿದರೆ ಅಂಗಡಿ ಕಾಯುವ ಪಟ್ಟಿಯಲ್ಲಿರುವ ಮುಂದಿನವರಿಗೆ.

ಮುಂದಿನವನು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ. ಫೋನಿನ ಕವರು ಮಾರುವ ಒಬ್ಬ ಮನುಷ್ಯ ಆ ಸಂಜೆಯೇ ಅಳತೆಯ ಟೇಪು ಹಿಡಿದು ಬಂದು, ಬೀಗದಣ್ಣನನ್ನು "ಸ್ವಲ್ಪ ಸರೀರಿ ಅಣ್ಣಾ" ಎಂದು ಪಕ್ಕಕ್ಕೆ ಸರಿಸಿ, ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದ. ಮಂಗಳವಾರವೂ ಬಂದ. ಬೀದಿಯವರು ಅವನಿಗೆ ಟೇಪಣ್ಣ ಎಂದು ಹೆಸರಿಟ್ಟರು. ಇಪ್ಪತ್ತೆರಡು ವರ್ಷ ಕೂತ ಸ್ಟೂಲಿನ ಮೇಲೆ ಕೂತು, ತನ್ನ ಅಂಗಡಿಯನ್ನು ಇನ್ನೊಬ್ಬ ಅಳೆಯುವುದನ್ನು ಬೀಗದಣ್ಣ ನೋಡಿದ. ಆ ಅಂಗಡಿ ಹೋದರೆ ಅವನಿಗೆ ಬೇರೆ ಕೆಲಸವೂ ಗೊತ್ತಿಲ್ಲ, ಬೇರೆ ಜಾಗವೂ ಇಲ್ಲ.

"ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಾ? ಆಪ್ ಹಾಕಿಕೊಡ್ತೀನಿ, ಪಿನ್ ಒಂದು ನೀವೇ ಇಟ್ಕೊಳ್ಳಿ, ಎರಡು ನಿಮಿಷದ ಕೆಲಸ" ಎಂದಳು ಹೆಂಡತಿ. ಅವಳು ಹಾಲಿನಿಂದ ಹಿಡಿದು ಬಸ್ಸಿನವರೆಗೆ ಎಲ್ಲವನ್ನೂ ಫೋನಿನಲ್ಲೇ ಕೊಡುವವಳು.

"ಪಿನ್ ಯಾರಿಗೆಲ್ಲ ಗೊತ್ತಿರುತ್ತೆ?"

"ನಿಮಗೊಬ್ಬರಿಗೇ."

"ಅಂದ್ರೆ ನನ್ನಿಂದ ಹೊರಗೆ ಬೀಳಬಹುದು" ಎಂದ ಬೀಗದಣ್ಣ ಯೋಚನೆಗೆ ಬಿದ್ದ.

ಹೆಂಡತಿ ಆಪ್ ಹಾಕಿ, ಬ್ಯಾಂಕಿನ ಕಾರ್ಡಿನ ನಂಬರು ತುಂಬಿ, ಪಿನ್ ಹಾಕುವ ಹಂತಕ್ಕೆ ತಂದು ಫೋನು ಕೊಟ್ಟಳು. ಅವನು ಅವಳನ್ನು ಹೊರಗೆ ಕಳಿಸಿ, ಹಾಡುಹಗಲೇ ಶಟರ್ ಎಳೆದು, ಒಳಗಿನಿಂದ ಚಿಲಕ ಹಾಕಿಕೊಂಡ. ಹುಟ್ಟಿದ ದಿನ ಬೇಡ, ಕಳ್ಳರು ಮೊದಲು ಹುಡುಕುವುದು ಅದನ್ನೇ. ಕಾಗದದಲ್ಲಿ ಬರೆಯುವಂತಿಲ್ಲ. ನೆನಪಿನಲ್ಲಿಟ್ಟುಕೊಂಡರೆ ಜ್ವರ ಬಂದಾಗ ಬಡಬಡಿಸಿಬಿಟ್ಟರೆ? ಕೊನೆಗೆ ತನ್ನ ಕಸುಬೇ ಅವನ ಕೈಹಿಡಿಯಿತು. ಹಲ್ಲು ಕೊರೆಯದ ಒಂದು ಹೊಸ ಕೀಲಿಕೈ ತೆಗೆದುಕೊಂಡ. ಕಣ್ಣು ಮುಚ್ಚಿ, ಅರದಿಂದ ನಾಲ್ಕು ಕಡೆ ಕೈಬಂದಷ್ಟು ಉಜ್ಜಿದ. ಬಳಿಕ ಕಣ್ಣು ಬಿಟ್ಟು, ಹಲ್ಲಿನ ಆಳ ಅಳೆಯುವ ಪಟ್ಟಿಯಲ್ಲಿಟ್ಟು ನೋಡಿದ. ಯಾವ ಹಲ್ಲು ಎಷ್ಟು ಗೆರೆ ಆಳವಿತ್ತೋ ಆ ಅಂಕಿಗಳನ್ನೇ ಪಿನ್ ಎಂದು ಒತ್ತಿದ. ಅದಾದ ಮೇಲೆ ಹದಿಮೂರರಿಂದ ಹತ್ತೊಂಬತ್ತರವರೆಗಿನ ಮಗ್ಗಿಗಳನ್ನು ತಲೆಕೆಳಗಾಗಿ ಹೇಳಿಕೊಂಡು ಆ ಅಂಕಿಗಳನ್ನು ಪ್ರಯತ್ನಪೂರ್ವಕವಾಗಿ ಮರೆತ.

ಈಗ ಪಿನ್ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸ್ವತಃ ಅವನಿಗೂ. ಇದಕ್ಕಿಂತ ಭದ್ರತೆ ಬೇಕೆ?

ಆ ಕೀಲಿಕೈಯನ್ನು ಮೂವತ್ತೆಂಟನೇ ಮೊಳೆಗೆ, ಮೊದಲೇ ಅಲ್ಲಿದ್ದ ಕೀಲಿಕೈಯ ಮೇಲೆ ನೇತುಹಾಕಿದ. ಮೂವತ್ತೆಂಟು ಔಷಧಿ ಅಂಗಡಿ ನಡೆಸುವ ಮಾತ್ರೆಯಕ್ಕನ ಮೇಲ್ಮನೆಯದು. ಎರಡು ವರ್ಷದಿಂದ ಬಾಡಿಗೆಗೆ ಯಾರೂ ಬಾರದ ಮನೆ, ಆ ಕೀ ಕೇಳಿಕೊಂಡು ಬರುವವರೇ ಇಲ್ಲ. ಬಳಿಕ ಬ್ಯಾಂಕಿನ ಕಾರ್ಡನ್ನು ತಗಡು ಕತ್ತರಿಯಿಂದ ನಾಲ್ಕು ತುಂಡು ಮಾಡಿ ನಾಲ್ಕು ಕಸದ ತೊಟ್ಟಿಗಳಿಗೆ ಹಾಕಿ ಬಂದ. ಕಾರ್ಡಿಲ್ಲದೆ ಪಿನ್ ಬದಲಾಯಿಸಲು ಯಾವ ಕಳ್ಳನಿಗೂ ಆಗದು. ಅವನಿಗೂ ಆಗದು ಎಂಬ ಸಣ್ಣ ವಿಷಯ ಆಗ ಮುಖ್ಯವೆನಿಸಲಿಲ್ಲ.

ಈ ಏರ್ಪಾಡಿಗೆ ಪರೀಕ್ಷೆ ಬಂದದ್ದು ಗುರುವಾರ. ಫೋನು ಹೊಡೆದುಕೊಂಡಿತು.

"ನಮಸ್ಕಾರ ಸಾರ್, ಬ್ಯಾಂಕಿನ ಹೆಡ್ ಆಫೀಸಿನಿಂದ ಮಾತಾಡ್ತಿದೀನಿ. ನಿಮ್ಮ ಖಾತೆ ಇವತ್ತು ಸಂಜೆ ಬಂದ್ ಆಗ್ತಿದೆ."

"ಆಗ್ಲಿ ಬಿಡಿ."

"ಆಗ್ಲಿ ಅಂದ್ರೆ ಹೇಗೆ ಸಾರ್! ನಿಮ್ಮ ಕಷ್ಟದ ದುಡ್ಡು. ಪಿನ್ ಒಂದು ಹೇಳಿ, ಇಲ್ಲಿಂದಲೇ ಸರಿಮಾಡಿಕೊಡ್ತೀನಿ."

"ನಂಗೊತ್ತಿಲ್ಲ."

"ನಿಮ್ಮ ಪಿನ್ನು ಸಾರ್."

"ಹೌದ್ರೀ, ನಂದೇ. ಗೊತ್ತಿಲ್ಲ."

"ನೆನಪು ಮಾಡ್ಕೊಳ್ಳಿ ಸಾರ್, ಅವಸರ ಇಲ್ಲ. ಹುಟ್ಟಿದ ದಿನ? ಗಾಡಿ ನಂಬರು?"

"ಕಣ್ಣು ಮುಚ್ಚಿಕೊಂಡು ಹಾಕಿದ್ದು."

"ಪರವಾಗಿಲ್ಲ. ಕಾರ್ಡ್ ಕೈಗೆ ತಗೊಳ್ಳಿ, ಹೊಸ ಪಿನ್ ಮಾಡೋಣ."

"ಕಾರ್ಡ್ ಕತ್ತರಿಸಿಬಿಟ್ಟೆ."

"ಕತ್ತರಿಸಿ?"

"ನಾಲ್ಕು ತೊಟ್ಟಿಗೆ ಹಾಕ್ದೆ. ಒಂದು ಪಕ್ಕದ ಬೀದೀದು."

ಮುಕ್ಕಾಲು ಗಂಟೆ ಹೆಣಗಿದ ಆ ಮನುಷ್ಯನ ತಾಳ್ಮೆ ಕಡೆಗೆ ಕಟ್ಟೊಡೆಯಿತು. "ಏನ್ರೀ ನೀವು, ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ? ಪಿನ್ ನೆನಪಿಟ್ಟುಕೊಳ್ಳೋಕಾಗದ ಮೇಲೆ ಫೋನ್ ಯಾಕ್ರೀ ಇಟ್ಕೋತೀರಾ? ನಿಮ್ಮಂಥವರಿಂದಲೇ ಈ ವ್ಯವಸ್ಥೆ ಉದ್ಧಾರ ಆಗ್ತಿಲ್ಲ!" ಎಂದು ಬೈದು ಇಟ್ಟುಬಿಟ್ಟ.

ಬೀಗದಣ್ಣ ಹೆಮ್ಮೆಯಿಂದ ಬೀಗಿದ. ದೂರು ಕೊಡೋಣವೆಂದು ನಿಜವಾದ ಬ್ಯಾಂಕಿನ ಸಹಾಯದ ನಂಬರಿಗೆ ಫೋನು ಮಾಡಿದರೆ ನಲವತ್ತು ನಿಮಿಷ ಪಿಟೀಲು ಕೇಳಿಸಿತು. ನಡುನಡುವೆ ಒಬ್ಬ ಹೆಂಗಸು ನಿಮ್ಮ ಕರೆ ನಮಗೆ ಬಹಳ ಮುಖ್ಯ ಎಂದು ಹೇಳಿ ಹೋಗುತ್ತಿದ್ದಳು. ಕಳ್ಳನಾದರೋ ತಾನಾಗಿ ಫೋನು ಮಾಡಿ, ಸಾರ್ ಎಂದು ಕರೆದು, ಊಟ ತಿಂಡಿ ಬಿಟ್ಟು ಮಾತಾಡಿದ್ದ. ಒಟ್ಟು ಈ ವ್ಯವಸ್ಥೆಯಲ್ಲಿ ಸಿದ್ಧತೆ ಮಾಡಿಕೊಂಡು ಕೂತಿದ್ದವನು ಆ ಕಳ್ಳನೊಬ್ಬನೇ ಎಂದು ಕಾಣುತ್ತದೆ.

ಫೋನೇ ಹೀಗಾದರೆ ನೋಟೀಸು ಮಾತ್ರ ಅಸಲಿ ಎಂದು ಏನು ಗ್ಯಾರಂಟಿ? ಶುಕ್ರವಾರ ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿ ಬೀಗದಣ್ಣ ಮೇಲ್ಮಹಡಿಯ ಮಾರುಕಟ್ಟೆ ಕಚೇರಿಗೆ ಹತ್ತಿದ. ಗುಮಾಸ್ತನ ಮೇಜಿನ ಮುಂದೆ ನಿಂತು, "ನೀವು ನಿಜವಾಗಿ ಗುಮಾಸ್ತರೇ ಅನ್ನೋದಕ್ಕೆ ಏನಾದ್ರೂ ದಾಖಲೆ ಇದೆಯಾ?" ಎಂದು ವಿನಯದಿಂದ ಕೇಳಿದ.

"ಹದಿನೈದು ವರ್ಷದಿಂದ ನನ್ನ ಮುಖ ನೋಡ್ತಿದೀರಲ್ರೀ!"

"ಮುಖಕ್ಕೇನು ಸಾರ್, ಎಂಥವರಿಗೂ ಇರುತ್ತೆ."

ಗುಮಾಸ್ತನಿಗೆ ನೆತ್ತಿಗೇರಿತು. "ಇದು ಕ್ಯೂಆರ್ ಕೋಡು. ಇದಕ್ಕೆ ಕಟ್ಟಿದ್ರೆ ಸರ್ಕಾರಕ್ಕೆ ಹೋಗುತ್ತೆ. ಕಟ್ಟೋದಿದ್ರೆ ಕಟ್ಟಿ, ಇಲ್ಲದಿದ್ರೆ ಟೇಪಿನವರು ಕಾಯ್ತಿದಾರೆ" ಎಂದು ಮೇಜಿನ ಮೇಲಿದ್ದ ಫಲಕವನ್ನು ಮುಂದಕ್ಕೆ ನೂಕಿದ. ಬೀಗದಣ್ಣ ಅದನ್ನು ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಅಂಚಿಗೆ ಹೆಬ್ಬೆರಳ ಉಗುರು ಹಾಕಿ ಕೆರೆದು ನೋಡಿದ. ಒಂದೇ ಪದರ. ಸಾಲಿನಲ್ಲಿದ್ದವರು, ಪಕ್ಕದಲ್ಲಿ ನಿಂತಿದ್ದ ಟೇಪಣ್ಣನೂ ಸೇರಿ, ಮುಸಿಮುಸಿ ನಕ್ಕರು. ಅವನು ನಾಳೆ ಬರುತ್ತೇನೆಂದು ಹೇಳಿ ಇಳಿದು ಬಂದ.

ಅಷ್ಟರಲ್ಲಿ ಹೆಂಡತಿ ಒಳ್ಳೆ ವ್ಯಾಪಾರ ಮಾಡಿದ್ದಳು. "ಒಬ್ಬರು ಮನೆ ಕೀ ಕಳಕೊಂಡು ಬಂದಿದ್ರು, ಗೋಡೆಯಿಂದ ಕೊಟ್ಟೆ ರೀ" ಎಂದಳು.

"ದುಡ್ಡು ಕೊಟ್ರಾ?"

"ಕೊಟ್ರು."

ಯಾರು, ಯಾವ ಮನೆ, ಯಾವ ಮೊಳೆ ಎಂದು ಅವನು ಕೇಳಲಿಲ್ಲ. ಜಗತ್ತಿನಲ್ಲಿ ಎಲ್ಲವನ್ನೂ ಕೆದಕಿ ಕೇಳುವ ಮನುಷ್ಯ ಕೇಳಬೇಕಾದ ಒಂದನ್ನು ಮಾತ್ರ ಬಿಟ್ಟುಬಿಟ್ಟ.

ಶನಿವಾರ ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಪಾವತಿಗೆ ಹೊರಡಲು ಸಜ್ಜಾಗುತ್ತಿದ್ದ. ಕೊನೆಯ ಎರಡು ಗಂಟೆಯವರೆಗೆ ಕಾದದ್ದೂ ಲೆಕ್ಕಾಚಾರವೇ, ಬೇಗ ಕಟ್ಟಿದರೆ ಕಳ್ಳರಿಗೆ ಸಮಯ ಸಿಗುತ್ತದಂತೆ. ಆಗ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಹೆಣ್ಣುಮಗಳು ಅಂಗಡಿಯೊಳಗೆ ಬಂದಳು.

"ನಮಸ್ಕಾರ, ನಾನು ಬ್ಯಾಂಕಿನಿಂದ ಬಂದಿದೀನಿ."

ಬೀಗದಣ್ಣನ ಮೈಯೆಲ್ಲ ಕಿವಿಯಾಯಿತು.

"ಇವತ್ತು ಕೊನೇ ದಿನ ಅಲ್ವಾ, ಮಾರುಕಟ್ಟೆಯವರಿಗೆ ತಿಳಿಸಿ ಹೇಳೋಕೆ ಕಳಿಸಿದಾರೆ. ನಿಮ್ಮ ಪಿನ್ ಯಾರಿಗೂ ಹೇಳಬೇಡಿ. ಬ್ಯಾಂಕಿನವರು ಅಂತ ಫೋನ್ ಮಾಡಿ ಕೇಳ್ತಾರೆ, ಹೇಳಬೇಡಿ. ಲಿಂಕ್ ಕಳಿಸ್ತಾರೆ, ಒತ್ತಬೇಡಿ. ಕೆಲವು ಕಡೆ ಕ್ಯೂಆರ್ ಕೋಡಿನ ಮೇಲೆ ತಮ್ಮದನ್ನ ಅಂಟಿಸಿಬಿಡ್ತಾರೆ, ನೋಡಿಕೊಳ್ಳಿ. ಆಮೇಲೆ ನನ್ನದೊಂದು ಸ್ವಂತ ವಿಷಯ ಇದೆ, ನಿನ್ನೆ ಇಲ್ಲಿ..."

"ಒಂದ್ನಿಮಿಷ ಕೂತ್ಕೊಳ್ಳಿ ಮೇಡಂ. ಟೀ ಹೇಳಿ ಬರ್ತೀನಿ."

ಸ್ಟೂಲನ್ನು ಒರೆಸಿ ಕೂರಿಸಿ, ನಗುನಗುತ್ತ ಹೊರಗೆ ಬಂದು, ಸರ್ರನೆ ಶಟರ್ ಎಳೆದು ಬೀಗ ಜಡಿದ.

ಒಳಗಿನಿಂದ ಶಟರ್ ಬಡಿಯುವ ಸದ್ದಿಗೆ ಅಂಗಡಿಗಳವರೆಲ್ಲ ಓಡಿಬಂದರು. "ಯಾರೂ ತೆಗೀಬೇಡಿ! ಫೋನಿನ ಕಳ್ಳಿ ಸಿಕ್ಕಿದ್ದಾಳೆ! ಪೊಲೀಸರನ್ನ ಕರ್ಕೊಂಡು ಬರ್ತೀನಿ" ಎಂದು ಕೂಗಿ ಅವನು ಠಾಣೆಯ ಕಡೆ ಓಡಿದ. ಟೇಪಣ್ಣ ಶಟರಿನ ಅಗಲ ಅಳೆಯಲು ಇದೇ ಸಮಯವೆಂದು ಮುಂದೆ ಬಂದ.

ಠಾಣೆಯಲ್ಲಿದ್ದ ಪೇದೆ ದಪ್ಪ ಪುಸ್ತಕ ತೆರೆದು ಪೆನ್ನು ಹಿಡಿದ. "ಏನು ಕದ್ದಳು?"

"ಇನ್ನೂ ಕದ್ದಿಲ್ಲ ಸಾರ್."

"ಪಿನ್ ಹೇಳಿ ಅಂದಳಾ?"

"ಹೇಳಬೇಡಿ ಅಂದಳು."

ಪೇದೆ ಪೆನ್ನು ಎತ್ತಿದ. "ಹೇಳಿ ಅಂದಳೋ, ಹೇಳಬೇಡಿ ಅಂದಳೋ?"

"ಹೇಳಬೇಡಿ ಅಂದಳು ಸಾರ್. ಅನುಮಾನ ಇರೋದೇ ಅಲ್ಲಿ. ಹೇಗೆ ಫೋನ್ ಮಾಡ್ತಾರೆ, ಹೇಗೆ ಅಂಟಿಸ್ತಾರೆ, ಒಂದೂ ಬಿಡದೆ ಹೇಳಿದಳು. ಇಷ್ಟೆಲ್ಲ ಗೊತ್ತಿರೋದು ಮಾಡೋರಿಗೆ ಮಾತ್ರ."

ಪೇದೆಗೆ ಈ ಮಾತಿನಲ್ಲಿ ಏನೋ ತಥ್ಯವಿದೆ ಎನಿಸಿತು. ಆ ವಾಕ್ಯವನ್ನು ಇದ್ದಂತೆಯೇ ಬರೆದುಕೊಂಡು, ಟೋಪಿ ಹಾಕಿಕೊಂಡು ಹೊರಟ. ದಾರಿಯಲ್ಲಿ ಟೀ ಕುಡಿಯದೆ ಬರುವ ಅಭ್ಯಾಸ ಅವನಿಗಿರಲಿಲ್ಲ. ಶಟರ್ ಎತ್ತುವ ಹೊತ್ತಿಗೆ ನಾಲ್ಕೂಕಾಲು ದಾಟಿತ್ತು.

ಒಳಗೆ ಆ ಹೆಣ್ಣುಮಗಳು ಸ್ಟೂಲಿನ ಮೇಲೆ ಕೈಕಟ್ಟಿ ಕೂತಿದ್ದಳು. ಬೆವರಿ ಮುಖ ಕೆಂಪಾಗಿತ್ತು. ಅವಳನ್ನು ನೋಡಿದ್ದೇ, ಗುಂಪಿನೊಳಗಿಂದ ನುಗ್ಗಿ ಬಂದ ಮಾತ್ರೆಯಕ್ಕ ಬಾಯಿಬಾಯಿ ಬಡಿದುಕೊಂಡಳು. "ಅಯ್ಯಯ್ಯೋ, ಏನು ಮಾಡಿದೆಯೋ ಬೀಗದಣ್ಣಾ! ಇವರು ನಮ್ಮ ಮೇಲ್ಮನೆಗೆ ಬಂದವರು. ಮೂರು ದಿನ ಆಯ್ತು. ಬ್ಯಾಂಕಿನ ಅಧಿಕಾರಿ ಕಣೋ!"

"ಮೇಲ್ಮನೆ" ಎಂಬ ಮಾತು ಮಾತ್ರ ಬೀಗದಣ್ಣನ ಕಿವಿಯಲ್ಲಿ ನಿಂತಿತು. ತಿರುಗಿ ಗೋಡೆ ನೋಡಿದ. ಮೂವತ್ತೆಂಟನೇ ಮೊಳೆ ಖಾಲಿ.

"ಕೀ ಹುಡುಕ್ತಿದೀರಾ?" ಎಂದು ಅವಳು ಎರಡು ಕೀಲಿಕೈ ಎತ್ತಿ ತೋರಿಸಿದಳು. "ನಿನ್ನೆ ನಿಮ್ಮ ಮನೆಯವರು ಇದನ್ನ ಕೊಟ್ರು, ಬಾಗಿಲಿಗೆ ಹೋಗಲೇ ಇಲ್ಲ. ಅದನ್ನ ಹೇಳೋಕೆ ಬಂದ್ರೆ ಕೂಡಿ ಹಾಕಿದ್ರಿ. ಒಂದು ಗಂಟೆ ಮಾಡೋಕೆ ಕೆಲಸ ಇರ್ಲಿಲ್ಲ, ನಿಮ್ಮ ಗೋಡೆ ಓದ್ತಾ ಕೂತೆ. ನನ್ನ ನಿಜವಾದ ಕೀ ಅಲ್ಲೇ ಸಿಕ್ತು. ಅಲ್ಲ ಸ್ವಾಮೀ, ಪ್ರತಿ ಕೀ ಕೆಳಗೂ ಯಾರ ಮನೆ ಅಂತ ಬರೆದು ಅಂಟಿಸಿದೀರಲ್ಲ, ಇದ್ಯಾವ ಸೀಮೆ ಭದ್ರತೆ?"

ಗುಂಪಿನವರು ಮೊದಲ ಸಲ ಆ ಗೋಡೆಯನ್ನು ಕಣ್ಣಿಟ್ಟು ನೋಡಿದರು. ಬೀಗದಣ್ಣನ ಗಮನ ಅಲ್ಲಿರಲಿಲ್ಲ. "ಅದು ಕೊಡಿ ಮೇಡಂ, ದಮ್ಮಯ್ಯ, ಅದು ಕೀ ಅಲ್ಲ, ನನ್ನ ಪಿನ್ನು" ಎಂದು ಎರಡೂ ಕೈ ಚಾಚಿದ.

ವಿಷಯವನ್ನು ಅವನ ಬಾಯಿಂದ ಹೊರಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಕೇಳಿದ ಮೇಲೆ ಆ ಅಧಿಕಾರಿ ಸಿಟ್ಟು ಮಾಡುವುದನ್ನೇ ಮರೆತು ಅವನನ್ನು ನೋಡಿದಳು. ಬ್ಯಾಂಕಿನ ತರಬೇತಿಯಲ್ಲಿ ಇಂಥ ಗಿರಾಕಿಯ ಬಗ್ಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಕೀಲಿಕೈಯನ್ನು ಅವನ ಅಂಗೈಗೆ ಹಾಕಿ, "ಮೊದಲು ಕಟ್ಟಿ ನಡೀರಿ. ಬೈಯೋದು ಆಮೇಲೆ ಬೈತೀನಿ" ಎಂದಳು. ಅವನು ಮೆಟ್ಟಿಲು ಹತ್ತಿ ಓಡಿದ. ಅವನ ಹಿಂದೆ ಅವಳು, ಅವಳ ಹಿಂದೆ ಪೇದೆ, ಪೇದೆಯ ಹಿಂದೆ ಇಡೀ ಮಾರುಕಟ್ಟೆ.

ಕಚೇರಿಯಲ್ಲಿ ಫೋನಿನ ಸಿಗ್ನಲ್ಲು ಸಿಗುತ್ತಿದ್ದದ್ದು ಒಂದೇ ಕಿಟಕಿಯ ಬಳಿ, ಅದೂ ಬೆಂಚಿನ ಮೇಲೆ ಹತ್ತಿ ಕೈ ಹೊರಚಾಚಿದರೆ. ಬೆಳಗಿನಿಂದ ಇಪ್ಪತ್ತಾರು ಜನ ಫಲಕ ಹಿಡಿದುಕೊಂಡು ಆ ಬೆಂಚು ಹತ್ತಿ, ಹಣ ಕಟ್ಟಿ, ಫೋನಿನಲ್ಲಿ ಮೂಡಿದ ಹಸಿರು ಗುರುತನ್ನು ಗುಮಾಸ್ತನಿಗೆ ತೋರಿಸಿ, ರಸೀದಿ ಬರೆಸಿಕೊಂಡು ಹೋಗಿದ್ದರು. ಗಡಿಯಾರದಲ್ಲಿ ಐದಕ್ಕೆ ಹದಿನಾಲ್ಕು ನಿಮಿಷ. ಟೇಪಣ್ಣ ಎಲ್ಲರಿಗಿಂತ ಮೊದಲೇ ಬಂದು ಗಡಿಯಾರದ ಕೆಳಗೆ ನಿಂತಿದ್ದ.

ಬೀಗದಣ್ಣ ಫಲಕ ಎತ್ತಿಕೊಂಡ. ಕೈ ತಾನಾಗಿಯೇ ಅಂಚಿಗೆ ಹೋಯಿತು. ಉಗುರು ನಿಂತಿತು.

"ಸಾರ್, ಇದು ನಿನ್ನೇದಲ್ಲ."

"ಶುರುವಾಯ್ತಪ್ಪಾ!" ಎಂದರು ಯಾರೋ.

"ನಿನ್ನೆ ಒಂದೇ ಪದರ ಇತ್ತು. ಇವತ್ತು ಎರಡಿದೆ. ಇದರ ಮೇಲೆ ಯಾರೋ ಇನ್ನೊಂದು ಅಂಟಿಸಿದಾರೆ."

ನಗೆಯ ಅಲೆಯೆದ್ದಿತು. ಗುಮಾಸ್ತ ಮೇಜು ಗುದ್ದಿದ. "ನೋಡ್ರೀ, ಮಧ್ಯಾಹ್ನ ಬ್ಯಾಂಕಿನ ಅಧಿಕಾರೀನ ಕಳ್ಳಿ ಅಂದ್ರಿ. ಈಗ ಸರ್ಕಾರಿ ಕೋಡೇ ಕಳ್ಳ ಅಂತೀರಾ? ಅದನ್ನ ಕಿತ್ತರೆ ಸರ್ಕಾರಿ ಆಸ್ತಿ ಹಾಳುಮಾಡಿದ್ದು ಅಂತ ಕೇಸ್ ಹಾಕಿಸ್ತೀನಿ. ಪೇದೆಯವರು ಇಲ್ಲೇ ಇದಾರೆ."

"ರೀ, ಸುಮ್ನೆ ಕಟ್ಟಿಬಿಡ್ರೀ!" ಎಂದು ಗುಂಪಿನ ಹಿಂದಿನಿಂದ ಹೆಂಡತಿಯ ದನಿ ಬಂತು. ಅದರಲ್ಲಿ ಅಳು ಸೇರಿತ್ತು.

ಬೀಗದಣ್ಣ ಸುತ್ತ ನೋಡಿದ. ಅವನಿಗೆ ಭಯವಾಯಿತು. ಮಧ್ಯಾಹ್ನ ಇದಕ್ಕಿಂತ ಹೆಚ್ಚು ಖಾತ್ರಿಯಿಂದ ಶಟರ್ ಎಳೆದಿದ್ದ, ಅದು ತಪ್ಪಾಗಿತ್ತು. ಇದೂ ತಪ್ಪಾದರೆ ಅಂಗಡಿ ಹೋಗುತ್ತದೆ, ಮೇಲಿಂದ ಜೈಲು. ಆದರೆ ಅದು ತಲೆಯ ಅನುಮಾನ, ಇದು ಉಗುರಿಗೆ ತಾಗಿದ್ದು. ಇಪ್ಪತ್ತೆರಡು ವರ್ಷದಲ್ಲಿ ಅವನ ತಲೆ ನೂರು ಸಲ ಸುಳ್ಳು ಹೇಳಿತ್ತು, ಬೆರಳು ಹೇಳಿರಲಿಲ್ಲ. ಕಣ್ಣು ಮುಚ್ಚಿ ಮೂಲೆಯಿಂದ ಪರ್ರನೆ ಕಿತ್ತ.

ಕೆಳಗೆ ಇನ್ನೊಂದು ಕೋಡಿತ್ತು, ಮಾರುಕಟ್ಟೆ ಕಚೇರಿಯ ಮೊಹರು ಸಮೇತ.

ಬೀಗದಣ್ಣ ಬೆಂಚು ಹತ್ತಿದ. ಕಿಟಕಿಯಿಂದ ಕೈ ಚಾಚಿ, "ಎಲ್ಲರೂ ಆ ಕಡೆ ತಿರುಗಿ" ಎಂದ. ಗುಮಾಸ್ತನೂ ತಿರುಗಿದ, ಪೇದೆಯೂ ಟೋಪಿ ತೆಗೆದು ತಿರುಗಿದ. ಕೀಲಿಕೈಯ ಹಲ್ಲುಗಳನ್ನು ಉಗುರಿನಿಂದ ಅಳೆದು ಒಂದೊಂದೇ ಅಂಕಿ ಒತ್ತಿದ. ಫೋನಿನಲ್ಲಿ ಒಂದು ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಐದಕ್ಕೆ ನಾಲ್ಕು ನಿಮಿಷ. ಐದಕ್ಕೆ ಮೂರು.

ಆಮೇಲೆ ಗುಮಾಸ್ತನ ಮೇಜಿನ ಡ್ರಾಯರಿನೊಳಗೆ ಏನೋ ಟಿಣ್ಣೆಂದಿತು.

ಗುಮಾಸ್ತ ಡ್ರಾಯರು ಎಳೆದು ಕಚೇರಿಯ ಫೋನು ತೆಗೆದ. ಮುಖ ಬಿಳುಚಿಕೊಂಡಿತು. "ಹಣ ಬಂದಿದೆ" ಎಂದವನು ಮೆಲ್ಲಗೆ ಸೇರಿಸಿದ, "ಬೆಳಗಿನಿಂದ ಇದೇ ಮೊದಲು. ಸೈಲೆಂಟ್‌ನಲ್ಲಿದೆ ಅಂದ್ಕೊಂಡಿದ್ದೆ."

ಇಪ್ಪತ್ತಾರು ಜನರ ಹಾಹಾಕಾರ ಏಕಕಾಲಕ್ಕೆ ಎದ್ದಿತು. ಅದರ ನಡುವೆ ಪೇದೆ ಗಂಟಲು ಸರಿಮಾಡಿಕೊಂಡ. "ಒಂದ್ನಿಮಿಷ. ಇಪ್ಪತ್ತಾರು ಜನಕ್ಕೆ ಕಾಣದ್ದು ಇವರೊಬ್ಬರಿಗೇ ಹೇಗೆ ಕಾಣ್ತು?"

"ನಿನ್ನೆ ಬಂದು ಇದನ್ನ ಕೆರೆದು ನೋಡ್ತಿದ್ರು!" ಎಂದ ಗುಮಾಸ್ತ.

"ನಾನೂ ನೋಡ್ದೆ. ಬೆಳಕಿಗೆ ಹಿಡಿದು ಅಳತೆ ತಗೋತಿದ್ರು" ಎಂದ ಟೇಪಣ್ಣ.

ಪೇದೆ ದಪ್ಪ ಪುಸ್ತಕ ತೆರೆದು ಓದಿದ. "ಇಷ್ಟೆಲ್ಲ ಗೊತ್ತಿರೋದು ಮಾಡೋರಿಗೆ ಮಾತ್ರ. ಇದು ನಿಮ್ಮದೇ ಹೇಳಿಕೆ."

ಎಲ್ಲ ಮುಖಗಳೂ ಬೀಗದಣ್ಣನ ಕಡೆ ತಿರುಗಿದವು. ಮಾತ್ರೆಯಕ್ಕ ಎರಡು ಹೆಜ್ಜೆ ಹಿಂದೆ ಸರಿದು, "ನಮ್ಮ ಮನೆ ಕೀನೂ ನಿನ್ನ ಹತ್ರಾನೇ ಇದೆಯಲ್ಲೋ" ಎಂದಳು. ಅದು ಅವನಿಗೆ ಪೇದೆಯ ಮಾತಿಗಿಂತ ಹೆಚ್ಚು ಚುಚ್ಚಿತು. ಬೆಂಚಿನ ಮೇಲೆ ನಿಂತೇ ಇದ್ದ. ಹೇಳಲು ಬಾಯಿ ತೆರೆದ. ತಾನು ಕಳ್ಳನಲ್ಲ ಎಂದು ಹೇಗೆ ತೋರಿಸಿಕೊಡಬೇಕೆಂದು ತಿಳಿಯಲಿಲ್ಲ. ಅದನ್ನು ಎಂದೂ ಯೋಚಿಸಿದವನಲ್ಲ, ಇಷ್ಟು ವರ್ಷ ಬೇರೆಯವರನ್ನೇ ತೋರಿಸಿ ಎಂದು ಕೇಳಿದ್ದ.

ಒಂದು ಗಂಟೆ ಮುಚ್ಚಿದ ಅಂಗಡಿಯಲ್ಲಿ ಕೂತು ಬಂದ ಬ್ಯಾಂಕಿನ ಅಧಿಕಾರಿ ಅವನನ್ನು ಒಂದು ಗಳಿಗೆ ನೋಡಿದಳು. ಸುಮ್ಮನಿದ್ದರೂ ಅವಳನ್ನು ಯಾರೂ ದೂರುತ್ತಿರಲಿಲ್ಲ.

"ಇವರಾಗಿರೋಕೆ ಸಾಧ್ಯವೇ ಇಲ್ಲ ಪೇದೆಯವರೇ" ಎಂದಳು. "ಬೇರೆಯವರ ಪಿನ್ ಕದಿಯೋದು ಹಾಗಿರ್ಲಿ, ಇವರಿಗೆ ಇವರ ಪಿನ್ನೇ ಗೊತ್ತಿಲ್ಲ."

ಪೇದೆ ದಪ್ಪ ಪುಸ್ತಕ ಮುಚ್ಚಿದ. ಅವಳು ಆಗಲೇ ಕಿಟಕಿಯಿಂದ ಬ್ಯಾಂಕಿಗೆ ಫೋನು ಮಾಡಿ, ಕಿತ್ತ ಚೀಟಿಯ ನಂಬರು ಓದಿ, ಆ ಖಾತೆಯನ್ನು ತಡೆಹಿಡಿಸಿದಳು. ಅವಳಿಗೆ ಪಿಟೀಲು ಕೇಳಿಸಲಿಲ್ಲ ಎಂಬುದನ್ನು ಬೀಗದಣ್ಣ ಗಮನಿಸಿದ. ಇಪ್ಪತ್ತಾರು ಜನರ ಹಣದಲ್ಲಿ ಬಹುಪಾಲು ಉಳಿಯಿತು, ಅವರಿಗೆ ಗಡುವೂ ಒಂದು ವಾರ ಮುಂದೆ ಹೋಯಿತು. ಚೀಟಿ ಅಂಟಿಸಿದವನು ಶನಿವಾರ ಬೆಳಿಗ್ಗೆ ಕುಡಿಯುವ ನೀರಿನ ಕ್ಯಾನು ಇಡುವ ನೆಪದಲ್ಲಿ ಬಂದಿದ್ದನೆಂದು ಪೊಲೀಸರು ಬುಧವಾರದ ಹೊತ್ತಿಗೆ ಪತ್ತೆಮಾಡಿದರು.

ಆದರೆ ಸೋಮವಾರದಿಂದ ಬುಧವಾರದವರೆಗಿನ ಮೂರು ದಿನಗಳಿದ್ದವಲ್ಲ, ಅವು ಬೀಗದಣ್ಣನಿಗೆ ಮೂರು ವರ್ಷವಾದವು. ಬೀದಿಯ ಮನೆಗಳವರು ಒಬ್ಬೊಬ್ಬರೇ ಬಂದು, "ಏನಿಲ್ಲ ಬೀಗದಣ್ಣಾ, ಸುಮ್ನೆ ಬೇಕಾಗಿತ್ತು" ಎನ್ನುತ್ತ ತಮ್ಮ ತಮ್ಮ ಕೀ ವಾಪಸ್ಸು ಕೇಳಿದರು. ಅವನು ಕಣ್ಣೆತ್ತದೆ ಕೊಟ್ಟ. ನಲವತ್ತು ಮೊಳೆ ಖಾಲಿಯಾದವು. ಅಂಗಡಿ ಉಳಿದಿತ್ತು, ಗೋಡೆ ಮೂರರಲ್ಲೊಂದು ಪಾಲು ಬೋಳಾಗಿತ್ತು. "ಅನುಮಾನ ಪಟ್ಟಾಗ ಹೇಗಾಗುತ್ತೆ ಅಂತ ಗೊತ್ತಾಯ್ತೇನ್ರೀ?" ಎಂದು ಹೆಂಡತಿ ಕೇಳಿದಳು. ಆ ಸಂಜೆ ಅವನು ನಾಲ್ಕನೇ ಬೀಗದ ಕೀಲಿಕೈ ತಂದು ಅವಳ ಮುಂದಿಟ್ಟ. ಅವಳು ಅದನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು, "ಐದನೇದು ಇಲ್ಲ ತಾನೇ?" ಎಂದಳು. ಅವನು ತಡವರಿಸಿದ್ದನ್ನು ಕಂಡು ಮತ್ತೆ ಕೈ ಚಾಚಿದಳು.

ಗುರುವಾರ ಮೇಲ್ಮನೆಯ ಅಧಿಕಾರಿ ಅಂಗಡಿಗೆ ಬಂದಳು. ಕಳೆದ ಕೀ ಯಾರ ಕೈ ಸೇರಿದೆಯೋ ಗೊತ್ತಿಲ್ಲ, ಹೊಸ ಬೀಗ ಹಾಕಿಕೊಡಿ ಎಂದಳು. ಬೀಗದಣ್ಣ ಅಂಗಡಿಯಲ್ಲಿದ್ದ ಒಳ್ಳೆಯದನ್ನೇ ಆರಿಸಿ, ಎಣ್ಣೆ ಬಿಟ್ಟು, ಎರಡು ಕೀಲಿಕೈ ಸಮೇತ ಮುಂದಿಟ್ಟ. ಅವಳು ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಅವನ ಕಡೆ ಸರಿಸಿದಳು.

"ಇದು ನಿಮ್ಮ ಹತ್ರ ಇರ್ಲಿ. ಮೂವತ್ತೆಂಟಕ್ಕೇ ಹಾಕಿ. ಚೀಟಿ ಮಾತ್ರ ಅಂಟಿಸಬೇಡಿ."

ಬೀಗದಣ್ಣ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ನನ್ನನ್ನ ನಂಬ್ತೀರಾ ಮೇಡಂ?"

"ಕೀ ವಿಷಯದಲ್ಲಿ ನಂಬ್ತೀನಿ. ಎಷ್ಟಾಯ್ತು ಹೇಳಿ, ಫೋನಲ್ಲಿ ಹಾಕ್ತೀನಿ."

ಅವನು ಮೊತ್ತ ಹೇಳಿ, ಹೊಸದಾಗಿ ಗೋಡೆಗೆ ಸ್ಕ್ರೂ ಹಾಕಿ ಕೂರಿಸಿದ್ದ ತನ್ನ ಫಲಕ ತೋರಿಸಿದ. ಅವಳು ಫೋನು ಎತ್ತಿದಳು. ಅವನು ಯಾರೂ ಹೇಳದೆಯೇ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ ನಿಂತ. ಹಾಗೆ ತಾನು ತಿರುಗಿ ನಿಂತದ್ದು ಅದೇ ಮೊದಲು, ಒಂಥರಾ ಹಗುರವೆನಿಸಿತು.

ಹಣ ಬಂತು. ಅವಳು ಹೊರಟಳು. ಸಂಜೆಯಾಗಿತ್ತು, ತಾನೂ ಹೊರಡೋಣವೆಂದು ಬೀಗದಣ್ಣ ಶಟರಿನ ಬೀಗಕ್ಕೆ ಕೈ ಹಾಕಿದ. ಕೊಂಡಿ ಖಾಲಿಯಿತ್ತು. ಸುತ್ತಮುತ್ತ ಹುಡುಕಿ, ಗಾಬರಿಯಿಂದ ಅವಳತ್ತ ನೋಡಿದ.

ಅವಳು ರಸ್ತೆಗಿಳಿದು, ಶಟರಿನಿಂದ ಹತ್ತು ಹೆಜ್ಜೆ ದೂರ ಹೋಗಿ ನಿಂತಿದ್ದಳು. ಅಲ್ಲಿಂದ ತನ್ನ ಕೈಚೀಲ ತೆರೆದು ಅವನ ಬೀಗ ಹೊರತೆಗೆದಳು.

"ಒಳಗೆ ಬರೋವಾಗಲೇ ತೆಗೆದಿಟ್ಟುಕೊಂಡಿದ್ದೆ" ಎಂದಳು. "ತಗೊಳ್ಳಿ, ಈಗ ಹಾಕ್ಕೊಳ್ಳಿ."